ಕೊಗ್ಗಣ್ಣನ ಕೆಡ್ಡಸದ ಬೇಟೆ

ಕೈಯಲ್ಲಿ ಫೋನ್ ಇಲ್ಲದಿದ್ದರೆ ಆ ಶುಕ್ರವಾರ ಕೊಗ್ಗಣ್ಣ ಕಟ್ಟಿಗೆ ಹೆಕ್ಕಿಕೊಂಡು ಮನೆಗೆ ಬಂದು, ಗಂಜಿ ಉಂಡು, ಫ್ಯಾನಿನಡಿ ಮಲಗುತ್ತಿದ್ದ. ಆದರೆ ಫೋನ್ ಇತ್ತು. ಎಡವಟ್ಟಾದದ್ದು ಅಲ್ಲೇ.

ಕೊಗ್ಗಣ್ಣ ಒಮಾನಿನ ಘಾಲಾದ ಒಂದು ಟಯರು ಗೋದಾಮಿನಲ್ಲಿ ಸ್ಟೋರ್ ಕೀಪರ್. ಸೀಬಿನ ಫ್ಲ್ಯಾಟಿನಲ್ಲಿ ಹೆಂಡತಿ ಲೋಲಾಕ್ಷಿಯ ಜೊತೆ ವಾಸ. ಮೀಸೆ ಕಪ್ಪಿದ್ದಾಗ ಒಮಾನಿಗೆ ಬಂದವನು, ಈಗ ಮೀಸೆಗೆ ಬಣ್ಣ ಹಚ್ಚುವ ಪ್ರಾಯ. ಈ ಪ್ರಾಯದವರ ವೀಸಾ ಮುಂದುವರಿಯುವುದು ಬಿಡುವುದು ಕಫೀಲನ ಮನಸ್ಸಿಗೆ ಸೇರಿದ್ದು. ಅವನ ಕಫೀಲ್, ಅಂದರೆ ಗೋದಾಮಿನ ಧಣಿ, ಕೆಲಸದವರ ಬಾಯಲ್ಲಿ 'ಅರ್ಬಾಬ್' ಆದ ಖಲ್ಫಾನ್, "ಈ ವಾರ ಹೇಳ್ತೇನೆ" ಅಂದಿದ್ದ. ಅಂದಿನಿಂದ ಕೊಗ್ಗಣ್ಣನಿಗೆ ನಿದ್ದೆ ಇಲ್ಲ. ಊರಿಗೆ ಹೋಗಿ ಅವನು ಮಾಡುವುದಾದರೂ ಎಂತ? ಅಲ್ಲಿ ಅವನ ಗುರುತು ಬೀದಿ ನಾಯಿಗೂ ಇಲ್ಲ. ಸೀಬಿನಲ್ಲಾದರೆ ಮೀನಿನಂಗಡಿಯವನೂ ಹೆಸರು ಹಿಡಿದು ಕರೆಯುತ್ತಾನೆ. ಇನ್ನೂ ಎರಡು ವರ್ಷ ಇಲ್ಲೇ ಇರಬೇಕು ಎಂಬುದೊಂದೇ ಅವನ ಆಸೆ.

ಆವತ್ತು ಕೆಡ್ಡಸ. ತುಳುವರಿಗೆ ಅದು ಭೂಮಿತಾಯಿಯ ವಿಶ್ರಾಂತಿಯ ದಿನಗಳು. ಹಿಂದೆ ಊರಿನಲ್ಲಿ ಕೆಡ್ಡಸಕ್ಕೆ ಗಂಡಸರೆಲ್ಲ ಗುಡ್ಡೆ ಹತ್ತಿ ಬೇಟೆಗೆ ಹೋಗುತ್ತಿದ್ದರು, ಸಿಕ್ಕಿದ್ದನ್ನು ನೆರೆಕರೆಗೆ ಪಾಲು ಹಾಕುತ್ತಿದ್ದರು. ಸೀಬಿನ ತುಳುವರ ಕೆಡ್ಡಸದ ಬೇಟೆಯೆಂದರೆ ಸೂಪರ್ ಮಾರ್ಕೆಟ್ಟಿನ ಫ್ರೀಜರಿಗೆ ಕೈ ಹಾಕಿ ಕೋಳಿ ಎತ್ತುವುದು. ಆ ಕೋಳಿಯನ್ನು ಟೆರೇಸಿನಲ್ಲಿ ಸುಡಲು ಕಟ್ಟಿಗೆ ಬೇಕಿತ್ತು. ಅದಕ್ಕೇ ಕೊಗ್ಗಣ್ಣ ಬೆಳಿಗ್ಗೆ ಎದ್ದು ಕುರಿಯಾತ್ ದಾರಿ ಹಿಡಿದು, ಟಾರು ಬಿಟ್ಟು ಒಂದು ವಾದಿಗೆ ಕಾರು ಇಳಿಸಿದ್ದ. ವಾದಿ ಅಂದರೆ ಇಲ್ಲಿ ನೀರಿಲ್ಲದ ಹೊಳೆ.

ಕಟ್ಟಿಗೆ ಹೆಕ್ಕುತ್ತಾ ತಲೆ ಎತ್ತಿದರೆ ಮುಳ್ಳಿನ ಮರದಲ್ಲಿ ಒಂದು ಜಿಂಕೆ ನೇತಾಡುತ್ತಿತ್ತು.

ಕೊಗ್ಗಣ್ಣ ಕನ್ನಡಕ ಒರೆಸಿ ಮತ್ತೆ ನೋಡಿದ. ಜಿಂಕೆಯೇ, ಅನುಮಾನವಿಲ್ಲ. ಎರಡು ಕೊಂಬೂ ಮರದ ಕವಲಿಗೆ ಸಿಕ್ಕಿಕೊಂಡಿದ್ದವು, ಹಿಂಗಾಲಿನ ಗೊರಸು ನೆಲಕ್ಕೆ ಇನ್ನೇನು ತಾಗಬೇಕು ಅನ್ನುವಷ್ಟು ಮೇಲಿತ್ತು. ರಕ್ತ ಇಲ್ಲ, ಗಾಯ ಇಲ್ಲ. ಯಾರೋ ಅಂಗಿ ಬಿಚ್ಚಿ ಗೂಟಕ್ಕೆ ಸಿಕ್ಕಿಸಿ ಹೋದ ಹಾಗಿತ್ತು. ಕೊಗ್ಗಣ್ಣ ಮರಕ್ಕೆ ಒಂದು ಸುತ್ತು ಬಂದ, ಇನ್ನೊಂದು ಸುತ್ತು ಬಂದ. ಮರ ಹತ್ತುವುದು ಆಡಿನ ಕೆಲಸ, ಜಿಂಕೆಯದ್ದಲ್ಲ. ಹಾರಿ ಬಿತ್ತು ಅನ್ನಲು ಹತ್ತಿರದಲ್ಲಿ ಬಂಡೆ ಇಲ್ಲ. ಪಾಪ, ಯಾಕಾದರೂ ಹೀಗೆ ಸತ್ತಿತೋ ಎಂದು ಅವನಿಗೆ ನಿಜವಾಗಿಯೂ ಬೇಜಾರಾಯಿತು.

ಬೇಜಾರು ಮನಸ್ಸಿಗೆ ಆಯಿತು, ಹೆಬ್ಬೆರಳಿಗೆ ಆಗಲಿಲ್ಲ. ಟೋಪಿ, ಕಪ್ಪು ಕನ್ನಡಕ ಏರಿಸಿ, ಜಿಂಕೆ ಹಿಂದೆ ಕಾಣುವ ಹಾಗೆ ಒಂದು ಸೆಲ್ಫಿ ಹೊಡೆದ. ಸೀಬಿನ ತುಳುವರ ಗ್ರೂಪಿಗೆ ಹಾಕಿ, ಅಡಿಯಲ್ಲಿ ಬರೆದ: 'ಕೆಡ್ಡಸದ ಬೇಟೆ ಆಯ್ತು. ಪಾಲು ಬೇಕಾದವರು ಪಾತ್ರೆ ತನ್ನಿ.'

ಕಾರು ಸೀಬಿಗೆ ಮುಟ್ಟುವಾಗ ಕಟ್ಟಡದ ಕೆಳಗೆ ಪಕ್ಕದ ಫ್ಲ್ಯಾಟಿನ ಝೊಹರಾ ಸ್ಟೀಲಿನ ಪಾತ್ರೆ ಹಿಡಿದೇ ನಿಂತಿದ್ದಳು. ಅವಳ ಗಂಡ ಮೂಸಬ್ಬ, ಮತ್ರಾದಲ್ಲಿ ಬಟ್ಟೆ ಅಂಗಡಿ ಇಟ್ಟ ಬ್ಯಾರಿ, ಮುಖ ದಪ್ಪ ಮಾಡಿಕೊಂಡಿದ್ದ.

"ಕೊಗ್ಗಣ್ಣ, ಬೇಟೆಗೆ ಹೋಗುವಾಗ ಒಂದು ಮಾತು ಹೇಳ್ಬಾರ್ದಾ? ಕೊಯ್ಲಿಕ್ಕೆ ನಾನು ಬರ್ತಿದ್ದೆ. ಈಗ ಹಲಾಲ್ ಆಗದ್ದನ್ನು ನಾವು ತಿನ್ನುವುದು ಹೇಗೆ?"

"ಮೂಸಾಕ, ನಾನು ಎಂತದೂ ಕೊಂದಿಲ್ಲ ಮಾರಾಯ್ರೆ. ಅದು ಮರದಲ್ಲಿ ನೇತಾಡ್ತಾ ಇತ್ತು."

"ಜಿಂಕೆ?"

"ಹೌದು."

"ಮರದಲ್ಲಿ?"

"ಹೌದು ಅಂತ ಹೇಳಿದೆನಲ್ಲ."

ಮೂಸಬ್ಬ ಹೆಂಡತಿಯ ಮುಖ ನೋಡಿದ. "ಚಿರತೆ ಎಳ್ಕೊಂಡು ಹೋಗಿ ಇಟ್ಟಿರ್ಬೇಕು" ಅಂದ. "ಚಿರತೆಯಾದ್ರೆ ತಿನ್ನದೆ ಬಿಡ್ತದಾ? ವಾದಿಯಲ್ಲಿ ಮಳೆನೀರಿನ ಬೊಳ್ಳ ಬಂದಾಗ ತೇಲಿ ಸಿಕ್ಕಿರ್ಬೇಕು" ಅಂದಳು ಝೊಹರಾ. ಮಳೆ ಬಾರದೆ ತಿಂಗಳುಗಳಾಗಿದ್ದವು. ಕೊಗ್ಗಣ್ಣನಿಗೆ ತಾನು ಕಣ್ಣಾರೆ ಕಂಡದ್ದೇ ಸುಳ್ಳೋ ಏನೋ ಅನ್ನಿಸತೊಡಗಿತು.

ಅಷ್ಟರಲ್ಲಿ ಮೇಲಿನ ಮಹಡಿಯ ಶ್ರವಣ್ ಮೆಟ್ಟಿಲು ಹಾರಿಕೊಂಡು ಇಳಿದು ಬಂದ. ಇವನು ಕೊಗ್ಗಣ್ಣನ ಆಫೀಸಿನ ಅಕೌಂಟೆಂಟ್. ಗೂಗಲ್ ನೋಡಿ ಊರಿಗೆಲ್ಲ ಬುದ್ಧಿ ಹೇಳುವ ಜನ.

"ಕೊಗ್ಗಣ್ಣ, ನಿಮ್ಗೆ ಮಂಡೆ ಸಮ ಉಂಟಾ? ಇಲ್ಲಿ ಜಿಂಕೆ ಕೊಂದ್ರೆ ಜೈಲು. ನೀವೇ ಬೇಟೆ ಅಂತ ಬರ್ದು ಹಾಕಿದ್ದೀರಿ. ನಿಮ್ಮ ಫೋಟೋ ತುಳುವರ ಗ್ರೂಪಿಂದ ಮಲಯಾಳಿಗಳಿಗೆ ಹೋಗಿ, ಅಲ್ಲಿಂದ ನಮ್ಮ ಪಾಕಿಸ್ತಾನಿ ಡ್ರೈವರಿಗೆ ಹೋಗಿ, ಈಗ ಅವ್ನು ನಂಗೆ ಕಳಿಸಿದ್ದಾನೆ."

ಕೊಗ್ಗಣ್ಣ ಟೋಪಿ ತೆಗೆದು ಕಂಕುಳಿಗೆ ತುರುಕಿದ. "ತಮಾಷೆಗೆ ಹಾಕಿದ್ದಲ್ವಾ ಮಾರಾಯ? ಕೆಡ್ಡಸ ಅಂತ."

"ಪೊಲೀಸಿಗೆ ಕೆಡ್ಡಸ ಅಂದ್ರೆ ಎಂತ ಅಂತ ನೀವು ಅರಬ್ಬಿಯಲ್ಲಿ ಹೇಳ್ತೀರಾ?"

ಹೇಳಲು ಬರುತ್ತಿರಲಿಲ್ಲ. ಮುಂದಿನದ್ದೆಲ್ಲ ಶ್ರವಣನ ಅಪ್ಪಣೆ ಪ್ರಕಾರ ನಡೆಯಿತು. ಗ್ರೂಪಿಗೆ ಹಾಕಿದ್ದನ್ನೂ ಫೋನಿನ ಫೋಟೋವನ್ನೂ ಅಳಿಸಿದ್ದಾಯಿತು. ಅಳಿಸಿದ ಫೋಟೋಗಳು ಹೋಗಿ ಕೂರುವ ಜಾಗದಿಂದಲೂ ಅಳಿಸಿದ್ದಾಯಿತು. ಲೋಲಾಕ್ಷಿ ಗಂಡನ ಪ್ಯಾಂಟು, ಅಂಗಿ, ಟೋಪಿ ಎಲ್ಲ ವಾಷಿಂಗ್ ಮೆಷಿನ್ನಿಗೆ ತುರುಕಿದಳು. ಮೂಸಬ್ಬ ಕಾರಿನಿಂದ ಕಟ್ಟಿಗೆ ಇಳಿಸಿ ಪರಿಚಯದ ಹೋಟೆಲಿನವನಿಗೆ ದಾನ ಮಾಡಿದ. ಕೊಗ್ಗಣ್ಣ ಲುಂಗಿ ಉಟ್ಟು ಸೋಫಾದ ಮೂಲೆಯಲ್ಲಿ ಕೂತು, ಆ ಜಿಂಕೆ ಮರಕ್ಕೆ ಹೋದದ್ದು ಹೇಗೆ ಎಂದು ತಲೆ ಕೆರೆಯುತ್ತಿದ್ದ.

ಜುಮ್ಮಾ ನಮಾಜು ಮುಗಿಸಿ ಮೂಸಬ್ಬ ವಾಪಸು ಬರುವ ಹೊತ್ತಿಗೆ ಸರಿಯಾಗಿ ಫೋನ್ ಹೊಡೆಯಿತು. ಖಲ್ಫಾನ್. ಆತ ಮಾತಾಡುವುದು ಅರಬ್ಬಿ ಬೆರೆಸಿದ ಹಿಂದಿ, ಇಲ್ಲಿ ನಮ್ಮ ಭಾಷೆಯಲ್ಲೇ ಹೇಳಿಬಿಡುತ್ತೇನೆ.

"ಕೊಗ್ಗ, ನಾನು ಪೊಲೀಸ್ ಸ್ಟೇಷನ್ನಿನಲ್ಲಿದ್ದೇನೆ. ಜಿಂಕೆಯ ಫೋಟೋ ನೋಡಿದೆ. ಅದರಲ್ಲಿರುವುದು ನೀನಾ?"

ಎದುರಿಗೆ ಲೋಲಾಕ್ಷಿ ಎರಡೂ ಕೈ ಅಲ್ಲಾಡಿಸಿದಳು. ಶ್ರವಣ್ ಹಣೆ ಮುಟ್ಟಿ ಜ್ವರದ ಸನ್ನೆ ಮಾಡಿದ.

"ನಾನಲ್ಲ ಅರ್ಬಾಬ್" ಅಂದ ಕೊಗ್ಗಣ್ಣ. "ನಾನು ಜ್ವರ ಬಂದು ಮಲಗಿದ್ದೇನೆ. ಹಾಸಿಗೆಯಿಂದ ಎದ್ದೇ ಇಲ್ಲ."

"ಮನೆಯಲ್ಲೇ ಇರು, ಬರ್ತೇನೆ" ಎಂದು ಖಲ್ಫಾನ್ ಫೋನ್ ಇಟ್ಟ.

ಮನೆ ಆಸ್ಪತ್ರೆಯಾಯಿತು. ಝೊಹರಾ ಉಣ್ಣೆ ಶಾಲು ತಂದು ಕೊಗ್ಗಣ್ಣನ ತಲೆಗೆ ಸುತ್ತಿ, ಹಣೆಗೆ ಕಣ್ಣು ಉರಿಯುವಷ್ಟು ಬಾಮು ತಿಕ್ಕಿದಳು. ಮೂಸಬ್ಬ ತನ್ನ ಸಕ್ಕರೆ ಕಾಯಿಲೆ, ಬಿಪಿ, ಮೊಣಕಾಲು ನೋವು ಎಲ್ಲದರ ಮಾತ್ರೆಗಳನ್ನು ಚೀಲ ಸಮೇತ ತಂದು ಸ್ಟೂಲಿನ ಮೇಲೆ ಜೋಡಿಸಿದ.

"ಇಷ್ಟು ಯಾಕೆ ಮೂಸಾಕ? ಬರೀ ಜ್ವರ ಅಂತ ಹೇಳಿದ್ದು" ಅಂದ ಕೊಗ್ಗಣ್ಣ, ಮೂರು ಕಂಬಳಿಗಳ ಅಡಿಯಿಂದ.

"ಬರೀ ಜ್ವರದವ್ನು ಬೆಳಿಗ್ಗೆ ಎದ್ದು ಕಾರು ಬಿಡ್ಬಹುದು. ಕಾರು ಬಿಡ್ಲಿಕ್ಕೇ ಆಗದ ಹಾಗೆ ಆಗ್ಬೇಕು ನಿಮ್ಗೆ. ಸುಮ್ನೆ ಮಲಗಿ."

"ಮತ್ತೆ ಫೋಟೋ?"

"ಎಐ ಅಂತ ಹೇಳುವ" ಅಂದ ಶ್ರವಣ್. "ಈಗ ಕಂಪ್ಯೂಟರಿಗೆ ಹೇಳಿದ್ರೆ ಆನೆಯನ್ನೂ ತೆಂಗಿನ ಮರ ಹತ್ತಿಸಿ ಕೊಡ್ತದೆ."

ಖಲ್ಫಾನ್ ಬಂದ. ಮೈಮೇಲಿನ ಬಿಳಿ ದಿಶ್‌ದಾಶ ನಿಲುವಂಗಿ ಮುದುಡಿತ್ತು, ಮುಖ ಬಾಡಿತ್ತು. ಸಲಾಂ ಹೇಳಿ ಹಾಸಿಗೆ ಪಕ್ಕದ ಕುರ್ಚಿಯಲ್ಲಿ ಕೂತು ಮಾತ್ರೆಗಳನ್ನು ಒಂದೊಂದಾಗಿ ನೋಡಿದ. ಕೊಗ್ಗಣ್ಣ ಕಂಬಳಿಯೊಳಗೆ ಬೆವರುತ್ತಿದ್ದ. ಖಲ್ಫಾನ್ ಹಣೆ ಮುಟ್ಟಿ ನೋಡಿದರೆ ಅದು ಸುಡುತ್ತಿತ್ತು.

"ಎಷ್ಟು ದಿವಸದಿಂದ ಹೀಗೆ?"

ಲೋಲಾಕ್ಷಿ ಸೆರಗು ಬಾಯಿಗೊತ್ತಿಕೊಂಡಳು. ಗಂಡನನ್ನು ಜೈಲಿಗೆ ಹಾಕುತ್ತಾರೆಂಬ ಹೆದರಿಕೆಗೆ ಅವಳಿಗೆ ಅಳು ನಿಜವಾಗಿಯೇ ಬಂತು. "ಯಾರಿಗೂ ಹೇಳ್ಬೇಡ ಅಂದಿದ್ರು ಅರ್ಬಾಬ್. ಆರೋಗ್ಯ ಸರಿ ಇಲ್ಲದೆ ಸುಮಾರು ಸಮಯ ಆಯ್ತು."

"ಸಕ್ಕರೆ" ಅಂದ ಮೂಸಬ್ಬ. "ಬಿಪಿ ಕೂಡ. ಮೊಣಕಾಲು ಎರಡೂ ಹೋಗಿದೆ. ಬಾತ್‌ರೂಮಿಗೆ ಹೋಗ್ಬೇಕಾದ್ರೆ ನಾನೇ ಹಿಡ್ಕೊಂಡು ಹೋಗುವುದು."

"ಆಫೀಸಲ್ಲೂ ತಲೆ ತಿರುಗಿ ಕೂತ್ಕೊಳ್ತಾರೆ. ನಾನೇ ನೋಡಿದ್ದೇನೆ. ಹಾರ್ಟ್ ಇರ್ಬಹುದು ಅಂತ ನಂಗೆ ಸಂಶಯ" ಅಂದ ಶ್ರವಣ್.

ಕೊಗ್ಗಣ್ಣ ಕಂಬಳಿಯೊಳಗಿಂದ ಸಣ್ಣಗೆ ಕೆಮ್ಮಿದ. ಸಾಕು ಅನ್ನುವ ಅರ್ಥದ ಕೆಮ್ಮು ಅದು. ಮೂಸಬ್ಬ ಅದನ್ನೂ ಬಿಡಲಿಲ್ಲ. "ನೋಡಿ ಅರ್ಬಾಬ್, ಎದೆಯಲ್ಲಿ ಕಫ."

ಖಲ್ಫಾನ್ ನಿಟ್ಟುಸಿರು ಬಿಟ್ಟ. "ಹಾಗಾದ್ರೆ ಆ ಫೋಟೋ?"

"ಸುಳ್ಳು ಫೋಟೋ ಅರ್ಬಾಬ್. ಎಐಯಲ್ಲಿ ಮಾಡಿದ್ದು" ಅಂದ ಶ್ರವಣ್.

ಖಲ್ಫಾನ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಅದು ಕೊಗ್ಗನೇ ಆಗಿರಲಿ ಯಾ ರಬ್ ಅಂತ ದಾರಿಯುದ್ದಕ್ಕೂ ಬೇಡಿಕೊಂಡು ಬಂದೆ" ಅಂದ.

ಕೋಣೆಯಲ್ಲಿ ಯಾರಿಗೂ ಏನೂ ಅರ್ಥವಾಗಲಿಲ್ಲ.

"ಆ ವಾದಿಯ ಕೆಳಗೆ ನನ್ನ ಅಣ್ಣನ ಮಗ ಹಿಲಾಲ್‌ನ ತೋಟ ಉಂಟು. ಅವನ ಆಡು ಕಾಯುವವನು ಬೆಳಿಗ್ಗೆ ಮರದಲ್ಲಿ ಸತ್ತ ಜಿಂಕೆ ನೋಡಿ, ಇಳಿಸಿ ತೋಟಕ್ಕೆ ತಂದ. ಹಿಲಾಲ್ ಅಧಿಕಾರಿಗಳಿಗೆ ಫೋನ್ ಮಾಡುವ ಮೊದಲೇ ಯಾರೋ ದೂರು ಕೊಟ್ರು. ಪೊಲೀಸರು ಬಂದು ನೋಡಿದ್ರೆ ತೋಟದಲ್ಲಿ ಜಿಂಕೆ. ಮರದಲ್ಲಿ ನೇತಾಡ್ತಿತ್ತು ಅಂದ್ರೆ ಯಾರು ನಂಬ್ತಾರೆ? ಹಿಲಾಲ್‌ನನ್ನು ಸ್ಟೇಷನ್ನಿನಲ್ಲಿ ಕೂರಿಸಿದ್ದಾರೆ. ಅದು ಮರದಲ್ಲಿದ್ದದ್ದಕ್ಕೆ ಲೋಕದಲ್ಲಿ ಇರುವ ಸಾಕ್ಷಿ ಆ ಒಂದು ಫೋಟೋ. ಅದನ್ನು ತೆಗೆದವನು ಬಂದು, ಹೌದು ನಾನು ನೋಡಿದ್ದೇನೆ ಅಂತ ಹೇಳಿದ್ರೆ ಅವನನ್ನು ನಾನು ತಲೆ ಮೇಲೆ ಹೊತ್ಕೊಳ್ತಿದ್ದೆ."

ಮೂರು ಕಂಬಳಿಗಳೂ ಒಟ್ಟಿಗೆ ಹಾರಿದವು.

"ನಾನೇ ಅರ್ಬಾಬ್" ಅಂದ ಕೊಗ್ಗಣ್ಣ, ಹಾಸಿಗೆಯ ಮೇಲೆ ಎದ್ದು ನಿಂತು. "ನಾನೇ ನೋಡಿದ್ದು. ನಾನೇ ಫೋಟೋ ತೆಗ್ದದ್ದು. ಕಟ್ಟಿಗೆಗೆ ಹೋಗಿದ್ದೆ. ಎರಡೂ ಕೊಂಬು ಕವಲಿನಲ್ಲಿ ಸಿಕ್ಕಿಕೊಂಡಿತ್ತು."

ಖಲ್ಫಾನ್ ಅವನನ್ನೇ ನೋಡಿದ. ತಲೆಗೆ ಶಾಲು, ಬಾಮಿಗೆ ಕೆಂಪಾದ ಕಣ್ಣು, ಮೈಯೆಲ್ಲ ಬೆವರು.

"ಹಾಗಾದ್ರೆ ಫೋನಿನಲ್ಲಿ ಫೋಟೋ ತೋರಿಸು."

"ಅಳಿಸಿದೆ."

"ಆ ಬಟ್ಟೆ, ಟೋಪಿ?"

"ಅದು ಮೆಷಿನ್ನಲ್ಲಿ ಉಂಟು."

"ಕಟ್ಟಿಗೆ?"

"ಹೋಟೆಲಿನವನಿಗೆ ಕೊಟ್ಟೆವು."

ಖಲ್ಫಾನ್ ಎದ್ದು ಅವನ ಎರಡೂ ಭುಜ ಹಿಡಿದು ಮೆಲ್ಲಗೆ ಕೂರಿಸಿದ. ಅವನ ಕಣ್ಣು ತೇವವಾಗಿತ್ತು. "ಸಾಕು ಕೊಗ್ಗ. ನನ್ನ ಮನೆಯ ಹುಡುಗ ಕಷ್ಟದಲ್ಲಿದ್ದಾನೆ ಅಂತ, ಎದ್ದು ನಿಲ್ಲಲಿಕ್ಕಾಗದ ನೀನು ಸುಳ್ಳು ಸಾಕ್ಷಿ ಹೇಳ್ಲಿಕ್ಕೆ ಹೊರಟಿದ್ದಿ. ಇಷ್ಟು ನಿಯತ್ತಿನವನು ನನಗೆ ಎಲ್ಲಿ ಸಿಕ್ತಾನೆ?"

"ಸುಳ್ಳಲ್ಲ ಅರ್ಬಾಬ್, ನನಗೆ ಜ್ವರವೇ ಇಲ್ಲ. ಮೂಸಾಕ, ಹೇಳಿ ಮಾರಾಯ್ರೆ."

ಮೂಸಬ್ಬ ಹೇಳುವುದಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಖಲ್ಫಾನನ ಫೋನ್ ಹೊಡೆಯಿತು. ಆತ ಅರಬ್ಬಿಯಲ್ಲಿ ಮಾತಾಡಿದ, ನಕ್ಕ, ಎರಡು ಸಲ ಅಲ್‌ಹಮ್ದುಲಿಲ್ಲಾ ಅಂದ.

"ಹುಡುಗನನ್ನು ಬಿಟ್ರು. ಅಧಿಕಾರಿಗಳು ಮರ ನೋಡಿ ಬಂದ್ರಂತೆ. ಕವಲಿನಲ್ಲಿ ರೋಮ, ಮುರಿದ ಕೊಂಬಿನ ಚೂರು ಸಿಕ್ಕಿದೆ. ಮೇಲಿನ ಸೊಪ್ಪು ತಿನ್ಲಿಕ್ಕೆ ಹಿಂಗಾಲಿನಲ್ಲಿ ನಿಂತಿದೆ, ಜಾರಿದೆ, ಕೊಂಬು ಸಿಕ್ಕಿದೆ. ಅಷ್ಟೇ. ಯಾರೂ ಕೊಂದದ್ದಲ್ಲ. ಖಲಾಸ್."

ಎಲ್ಲರೂ ಉಸಿರು ಬಿಟ್ಟರು. ಲೋಲಾಕ್ಷಿ ಕಣ್ಣೊರೆಸಿ ಚಹಾ ಇಡಲು ಹೊರಟಳು. ಬೆಳಿಗ್ಗೆಯಿಂದ ತಲೆ ತಿಂದ ಪ್ರಶ್ನೆಗೂ ಉತ್ತರ ಸಿಕ್ಕಿತಲ್ಲ ಎಂದು ಕೊಗ್ಗಣ್ಣ ಮೊದಲ ಬಾರಿಗೆ ನಕ್ಕ. ಈಗ ಸತ್ಯ ಹೇಳುವ ಅಗತ್ಯವೇ ಇಲ್ಲ ಎಂದು ಶ್ರವಣ್ ಅವನ ಕಾಲು ಒತ್ತಿದ. ಮೂಸಬ್ಬನೂ ತೆರೆದ ಬಾಯಿ ಮುಚ್ಚಿದ.

ಖಲ್ಫಾನ್ ಬಾಗಿ ಕೊಗ್ಗಣ್ಣನ ಕೈ ಹಿಡಿದುಕೊಂಡ.

"ನಾಳೆ ನಿನ್ನನ್ನು ಕರೆಸಿ ವೀಸಾ ಎರಡು ವರ್ಷಕ್ಕೆ ಮುಂದುವರಿಸ್ತೇನೆ ಅಂತ ಹೇಳುವುದರಲ್ಲಿದ್ದೆ. ದೇವರು ದೊಡ್ಡವನು, ಇವತ್ತೇ ನನ್ನ ಕಣ್ಣು ತೆರೆಸಿದ. ಸಕ್ಕರೆ, ಬಿಪಿ, ಕಾಲು, ಹಾರ್ಟ್. ಇಂಥವನನ್ನು ಘಾಲಾದ ಸೆಕೆಯಲ್ಲಿ ದುಡಿಸಿದ್ರೆ ನನಗೆ ಪಾಪ ಬರ್ತದೆ. ಇಷ್ಟು ಒಳ್ಳೆ ಮನುಷ್ಯನಿಗೆ ನಾನು ಹಾಗೆ ಮಾಡುವುದಿಲ್ಲ. ಈ ತಿಂಗಳೇ ಊರಿಗೆ ಹೋಗಿ ಆರಾಮ ಮಾಡು. ಇಬ್ಬರ ಟಿಕೆಟೂ ನನ್ನದೇ."

ಕೊಗ್ಗಣ್ಣ ಬಾಯಿ ತೆರೆದ. ಈ ಸಲ ನಿಜವಾದ ಕೆಮ್ಮು ಬಂತು. ಖಲ್ಫಾನ್ ಅವನ ಬೆನ್ನು ಸವರಿ, ಕಂಬಳಿ ಹೊದೆಸಿ, ಎಲ್ಲರಿಗೂ ಸಲಾಂ ಹೇಳಿ ಹೊರಟ.

ಲಿಫ್ಟು ಕೆಳಗಿಳಿದ ಸದ್ದು ನಿಂತಿತು. ಆಮೇಲೆ ಮೂಸಬ್ಬ ತನ್ನ ಮಾತ್ರೆಗಳನ್ನು ಒಂದೊಂದಾಗಿ ಹೆಕ್ಕಿ ಚೀಲಕ್ಕೆ ಹಾಕುತ್ತಾ, ಕೊಗ್ಗಣ್ಣನ ಮುಖ ನೋಡದೆ ಹೇಳಿದ.

"ಏನೇ ಹೇಳಿ ಕೊಗ್ಗಣ್ಣ, ಇಂಥ ಕಫೀಲ್ ಸಿಗ್ಲಿಕ್ಕೆ ಪುಣ್ಯ ಬೇಕು."