ಮುಲ್ಕಿ ಪಾಸಾದವರಿಗೆ ಸೊನ್ನೆ ಕೊಟ್ಟ ಕೋಷ್ಟಕಕ್ಕೆ

ಮಾನ್ಯ ಹೊಂದಾಣಿಕೆ ಕೋಷ್ಟಕ ಮಹಾಶಯರೇ,

ಪುಣೆಯ ಕೋಥರೂಡದಲ್ಲಿ ಮನೆಮನೆ ತಿರುಗಿ ಸಮೀಕ್ಷೆ ಮಾಡುವ ಸುಖೇಶನ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವು ಕ್ಷೇಮ. ತಮ್ಮ ಅಡ್ಡಸಾಲು, ಉದ್ದಸಾಲುಗಳೆಲ್ಲ ಕ್ಷೇಮವೆಂದು ನಂಬಿದ್ದೇನೆ. ಹಳೆಯ ಜನಗಣತಿಗಳನ್ನೂ ಹೊಸ ಸಮೀಕ್ಷೆಗಳನ್ನೂ, ನಮ್ಮ ದೇಶವನ್ನೂ ಪರದೇಶಗಳನ್ನೂ ಒಂದೇ ಅಳತೆಗೆ ತಂದು, ಮನುಷ್ಯರು ಕಲಿತದ್ದನ್ನೆಲ್ಲ ಸೊನ್ನೆಯಿಂದ ನಾಲ್ಕರವರೆಗಿನ ಅಂಕಿಗಳಲ್ಲಿ ಅಡಗಿಸಿದ ತಮ್ಮ ಸಾಮರ್ಥ್ಯಕ್ಕೆ, ಊರಿನ ಹೆಂಗಸರಿಗೆಲ್ಲ ಒಂದೇ ಅಳತೆಯ ಕುಪ್ಪಸ ಹೊಲಿದಿಟ್ಟ ದರ್ಜಿಯೂ ತಲೆಬಾಗಬೇಕು.

ವಿಷಯ ಸಣ್ಣದು. ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಎಂಬತ್ತು ವರ್ಷದ ರಾಧಾಬಾಯಿಯವರಿದ್ದಾರೆ. ಧಾರವಾಡದ ಕಡೆಯ ಹಳ್ಳಿಯೊಂದರಲ್ಲಿ ಮೂವತ್ತಾರು ವರ್ಷ ಪ್ರಾಥಮಿಕ ಶಾಲೆಯ ಅಕ್ಕೋರಾಗಿದ್ದು, ನಿವೃತ್ತಿಯ ಮೇಲೆ ಮಗಳ ಮನೆಗೆ ಬಂದವರು. ಎಷ್ಟು ಓದಿದ್ದೀರೆಂಬ ಪ್ರಶ್ನೆಗೆ ಅವರು ಮುಲ್ಕಿ ಪಾಸು ಎಂದರು. ಏಳನೆಯ ಇಯತ್ತೆಯ ಕೊನೆಗೆ ಆಗ ನಡೆಯುತ್ತಿದ್ದ ಆ ಪರೀಕ್ಷೆ ಪಾಸಾದವರಿಗೆ ತರಬೇತಿ ಕೊಟ್ಟು ಸರ್ಕಾರವೇ ಶಾಲೆಗೆ ಕಲಿಸಲು ಕಳುಹಿಸುತ್ತಿತ್ತು. ತಮ್ಮಲ್ಲಿ ಮಾತ್ರ ಮುಲ್ಕಿಗೆ ಸಾಲಿಲ್ಲ. ಬರೀ ಏಳನೆಯ ಇಯತ್ತೆ ಎಂದು ಬರೆದುಕೊಳ್ಳಲೇ ಎಂದು ಕೇಳಿದರೆ, "ನಿನ್ನ ಪಟ್ಟಿಯೊಳಗ ಇಲ್ಲಂತ ನಾ ಯಾಕ ಸುಳ್ಳ ಹೇಳ್ಲಪಾ? ಮುಲ್ಕಿ ಅಂತನ ಬರಿ" ಎಂದರು. ನಿಯಮದಂತೆ ನಾನು ಮೊಬೈಲಿನಲ್ಲಿ 'ಇತರೆ' ಎಂಬುದನ್ನು ಒತ್ತಿದೆ. ತಾವು ಇತರೆಯವರನ್ನೆಲ್ಲ ಶಾಲೆ ಕಾಣದವರ ಜೊತೆ ಸೇರಿಸಿ, ಹಿಂದೆಮುಂದೆ ನೋಡದೆ ಸೊನ್ನೆ ದಯಪಾಲಿಸಿದಿರಿ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಸಮೀಕ್ಷೆ ಮಾಡಿಸಿದ ಸಂಸ್ಥೆಯೇ ಯೆರವಡಾದಲ್ಲಿ, ಕಟ್ಟಡ ಕೆಲಸಕ್ಕೆ ಬಂದ ಕನ್ನಡದ ಹೆಣ್ಣುಮಕ್ಕಳಿಗಾಗಿ ಓದುಬರಹದ ತರಗತಿ ತೆರೆಯುತ್ತಿದೆ. ಕಲಿಸಲು ಅರ್ಜಿ ಹಾಕಿದ್ದ ರಾಧಾಬಾಯಿಯವರು ಹೊಸ ಕನ್ನಡಕ ಮಾಡಿಸಿಕೊಂಡು ಕಾದಿದ್ದರು. ಸಂಸ್ಥೆ ತಮ್ಮ ಅಂಕಿಯನ್ನು ನೋಡಿ ಅವರ ಹೆಸರನ್ನು ಕಲಿಯುವವರ ಪಟ್ಟಿಗೆ ಸೇರಿಸಿ, ಮನೆಗೆ ಒಂದು ಸ್ಲೇಟನ್ನೂ ಕಳುಹಿಸಿತು. ಕಲಿಸುವ ಕೆಲಸ ಹರ್ಷದಾ ಎಂಬ ಪದವೀಧರೆಗೆ ಸಿಕ್ಕಿದೆ. ತಮ್ಮ ಲೆಕ್ಕದಲ್ಲಿ ಅವಳು ನಾಲ್ಕು. ಅವಳಿಗೆ ಕನ್ನಡ ಬಾರದೆಂಬುದನ್ನು ಬರೆಯಲು ತಮ್ಮಲ್ಲಿ ಕಾಲಂ ಇಲ್ಲದಿರುವುದು ಖಂಡಿತ ತಮ್ಮ ತಪ್ಪಲ್ಲ.

ರಾಧಾಬಾಯಿಯವರು ಸ್ಲೇಟನ್ನು ಸೆರಗಿನಿಂದ ಒರೆಸಿ ಕಪಾಟಿನಲ್ಲಿಟ್ಟರು. ಒತ್ತಿದ ಬೆರಳು ನನ್ನದು. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಮರಾಠಿ ಶಾಲೆಯಲ್ಲಿ ಓದಿದ ನನ್ನನ್ನು ಪ್ರತಿ ಭಾನುವಾರ ಕೂರಿಸಿಕೊಂಡು ಕನ್ನಡ ಕಲಿಸಿದವರು ಅವರೇ.

ಆದ್ದರಿಂದ ವಿನಂತಿಯೇನೆಂದರೆ, ಮುಲ್ಕಿಗೊಂದು ಸಾಲು ಕೊಡಿ. ಅದು ತಮ್ಮ ಘನತೆಗೆ ಕುಂದಾಗುವುದಾದರೆ, ಅವರ ಕೈಯಲ್ಲಿ ಕಲಿತ ಮಕ್ಕಳನ್ನೆಲ್ಲ, ಡಾಕ್ಟರು, ವಕೀಲರಾದವರನ್ನೂ ಬಿಡದೆ, ಸೊನ್ನೆಗೆ ಇಳಿಸಿಬಿಡಿ. ಸೊನ್ನೆಯಿಂದ ಕಲಿತವರು ನಾಲ್ಕಾಗಿ ತಿರುಗಾಡುವುದು ತಮ್ಮ ಗಣಿತಕ್ಕೆ ಅವಮಾನ. ಶುಭಕಾರ್ಯವನ್ನು ನನ್ನಿಂದಲೇ ಆರಂಭಿಸಬಹುದು.

ತಮ್ಮ ವಿಶ್ವಾಸಿ,
ಸುಖೇಶ್
(ಸದ್ಯಕ್ಕೆ ನಾಲ್ಕು)

ವಿ.ಸೂ.: ಕಳುಹಿಸುವ ಮುನ್ನ ಈ ಪತ್ರವನ್ನು ರಾಧಾಬಾಯಿಯವರಿಗೆ ತೋರಿಸಿದೆ. ಶಾಲೆ ಕಾಣದ ಆ ಹೆಂಗಸು ಕೆಂಪು ಪೆನ್ನಿನಲ್ಲಿ ಹನ್ನೊಂದು ತಪ್ಪು ತಿದ್ದಿಕೊಟ್ಟರು. ಮೊದಲ ಪಾಠ ಹೇಗೆ ಆರಂಭಿಸಬೇಕೆಂದು ಕೇಳಲು ಹರ್ಷದಾ ಭಾನುವಾರ ಅವರ ಮನೆಗೆ ಬರುತ್ತಾಳಂತೆ. ತಮಗೂ ಬಿಡುವಿದ್ದರೆ ಬನ್ನಿ, ಚಾಪೆಯ ಮೇಲೆ ಇನ್ನೊಬ್ಬರಿಗೆ ಜಾಗವಿದೆ.