ಎಂದೂ ತುಂಬದ ಮೂರು ರೂಮು

ಕಂಪ್ಯೂಟರಿಗೆ ನಮ್ಮ ಕಡೆಯ ರೀತಿ ಗೊತ್ತಿಲ್ಲ, ನಮ್ಮ ಕಡೆಯವರಿಗೆ ಕಂಪ್ಯೂಟರಿನ ಹಂಗಿಲ್ಲ. ನಡುವೆ ಕೂತವನಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ನನಗೆ ಬರೆದು ರೂಢಿಯಿಲ್ಲ, ಆದ್ದರಿಂದ ಎಲ್ಲವನ್ನೂ ಬಿಡಿಸಿಯೇ ಹೇಳುತ್ತೇನೆ. ಗೊತ್ತಿದ್ದವರು ಬೇಸರಿಸಬಾರದು.

ಎರಡು ಸಾವಿರದ ಎಂಟರ ಸುಮಾರು. ಹಳಿಯಾಳದಲ್ಲಿ ನಾನೂ ನನ್ನ ಗೆಳೆಯನೂ ಸಣ್ಣ ಕಂಪ್ಯೂಟರ್ ಅಂಗಡಿ ಇಟ್ಟಿದ್ದೆವು. ಜೊಯಿಡಾ ಕಡೆ ಹೋಮ್‌ಸ್ಟೇ ನಡೆಸುವ ಒಬ್ಬ ಮಾವಶಿ ವೆಬ್‌ಸೈಟ್ ಮಾಡಿಕೊಡಲು ಹೇಳಿದ್ದರು. (ಮಾವಶಿ ಎಂದರೆ ಚಿಕ್ಕಮ್ಮ, ಕರೆಯಲು ಸಂಬಂಧ ಇರಲೇಬೇಕೆಂದಿಲ್ಲ.) ಅದು ಅವರಿಗೆ ಒಪ್ಪಿಗೆಯಾದರೆ ಇನ್ನಷ್ಟು ಕೆಲಸ ಬಂದು ಅಂಗಡಿ ಉಳಿಯುತ್ತಿತ್ತು. ಇಲ್ಲವಾದರೆ ನಾನು ಮುಂಡಗೋಡದಲ್ಲಿ ಭಾವನ ಟೈಲ್ಸ್ ಅಂಗಡಿಗೆ ಹೋಗಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಫ್ರೇಮ್‌ವರ್ಕ್ ಎಂದರೆ ವೆಬ್‌ಸೈಟಿಗೆ ಸಿದ್ಧವಾಗಿ ಸಿಗುವ ಟ್ರ್ಯಾಕ್ಟರ್ ಇದ್ದಂತೆ. ಇಂಜಿನ್ ಅವರದು, ಹಿಂದೆ ನೇಗಿಲು ಹಚ್ಚುವುದೋ ಟ್ರೇಲರ್ ಹಚ್ಚುವುದೋ ನಮಗೆ ಬಿಟ್ಟದ್ದು. ನಾವು ಬರೆದು ಹಚ್ಚುವ ಸಣ್ಣ ಉಪಕರಣ ಹೆಲ್ಪರ್ ಫಂಕ್ಷನ್. ಒಂದು ವಸ್ತುವಿನ ವಿವರ, ಕೆಲಸ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟರೆ ಅದು ಕ್ಲಾಸ್.

ಬಸ್ಸಿನ ಫಂಕ್ಷನ್

ನನ್ನ ಮೊದಲ ಫಂಕ್ಷನ್, ಜೊಯಿಡಾಕ್ಕೆ ಮುಂದಿನ ಬಸ್ ಇನ್ನೆಷ್ಟು ನಿಮಿಷಕ್ಕೆ ಎಂದು ಹೇಳುವುದು. ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಹೋಗಿ ಟೈಮ್ ಕೇಳಿದೆ.

"ಯಾವ ಟೈಮು? ಬೋರ್ಡಿಂದೋ, ಬಸ್ಸಿಂದೋ?"

"ಎರಡೂ ಬ್ಯಾರೆ ಅದಾವೇನ್ರಿ? ನಮ್ಮ ಕಂಪ್ಯೂಟರ್ ನಿಮಿಷಾ ಸೈತ ಬರೋಬ್ಬರಿ ಹೇಳತೈತ್ರಿ."

"ಹೇಳ್ಲಿ ಬಿಡು. ಬಸ್ಸಿಗೆ ಮಾತ್ರ ತೋರಿಸಬ್ಯಾಡ, ಪಾಪ, ನಾಚ್ಕೋತೈತಿ."

ಕಪಾಟು

ನಾವು ಬರೆದ ಕ್ಲಾಸುಗಳನ್ನು ನಮ್ಮದೇ ಬೇರೆ ಫೋಲ್ಡರಿನಲ್ಲಿ ಇಡಬೇಕು. ಗೆಳೆಯ, ಹತ್ತಿರವಿದ್ದರೆ ಅನುಕೂಲವೆಂದು ಫ್ರೇಮ್‌ವರ್ಕಿನ ಸ್ವಂತ ಫೋಲ್ಡರಿನೊಳಗೇ ಇಟ್ಟ. ಫ್ರೇಮ್‌ವರ್ಕಿನ ಹೊಸ ಆವೃತ್ತಿ ಬಂತು. ಹಳೆಯದನ್ನು ಅಳಿಸಿ ಹೊಸದನ್ನು ಹಾಕಿದ. ಜೊತೆಗೆ ಮಾವಶಿಯ ಮೂರು ರೂಮುಗಳ ಲೆಕ್ಕವಿಡುವ ನಮ್ಮ ರೂಮ್ ಕ್ಲಾಸೂ ಹೋಯಿತು. ಊಟದ ಡಬ್ಬಿ ತಂದ ಅವನ ಅವ್ವ ನಮ್ಮ ಮುಖ ನೋಡಿ ಗಾಬರಿಯಾದರು. "ಯಾಕ್ರೋ, ಯಾರರ ಹೋದ್ರೇನು?"

ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ.

"ಬಾಡಗಿ ಮನಿ ಗ್ವಾಡ್ಯಾಗ ಕಪಾಟ ಕಟ್ಟಿ, ಮಾಲಕ ಗ್ವಾಡಿ ಕೆಡವಿದಾ ಅಂತ ಅಳ್ತೀರಲ್ಲ! ಉಣ್ಣಾಕ ಏಳ್ರಿ."

ಜಾಗ

ರೂಮ್ ಕ್ಲಾಸನ್ನು ಮತ್ತೆ ಬರೆದು ಮಾವಶಿಯ ಮನೆಗೆ ತೋರಿಸಲು ಒಯ್ದೆ. ಪರೀಕ್ಷೆಗೆಂದು ಮೂರೂ ರೂಮು ಬುಕ್ ಮಾಡಿ, ಇನ್ನೊಂದು ಕೇಳಿದೆ. "ಜಾಗ ಇಲ್ಲ" ಎಂದು ಬಂತು. ಮಾವಶಿ ಕೆರಳಿದರು.

"ಮನೀಗೆ ಬಂದವ್ರಿಗೆ ಜಾಗ ಇಲ್ಲ ಅಂತೀಯೇನು? ಅದೂ ಕೆಂಪು ಅಕ್ಷರದಾಗ?"

"ಮೂರೂ ತುಂಬ್ಯಾವಲ್ರಿ ಮಾವಶಿ. ಇನ್ನ ಬಂದವ್ರು ಎಲ್ಲಿರಬೇಕು?"

"ಪಡಸಾಲಿ ಇಲ್ಲೇನು?"

ರೂಮ್ ಕ್ಲಾಸಿನಿಂದಲೇ ಪಡಸಾಲೆ ಎಂಬ ಮರಿ ಕ್ಲಾಸ್ ಹುಟ್ಟಿಸಿದೆ: ರೂಮಿನ ಗುಣವೆಲ್ಲ ಇದೆ, ಬಾಗಿಲು ಮಾತ್ರ ಇಲ್ಲ. ಅದೂ ತುಂಬಿದರೆ ಅಟ್ಟ ಎಂದರು. ಅಟ್ಟಕ್ಕೊಂದು ಕ್ಲಾಸ್ ಬರೆದೆ, ಏಣಿಸಮೇತ. ಭಾವನ ಟೈಲ್ಸ್ ಕಣ್ಣ ಮುಂದೆ ಬರತೊಡಗಿದವು.

"ಮಾವಶಿ, ಅಟ್ಟಾನೂ ತುಂಬಿದ ಮ್ಯಾಲೆ ಏನ್ ತೋರಿಸ್ಲಿ?"

ಅವರು ಒಲೆಯ ಕಡೆ ನೋಡಿದರು. "ಊಟಾ ಮಾಡ್ಕೊಂಡ್ ಹೋಗ್ರಿ ಅಂತ ತೋರಿಸು."

ಹಾಗೆಯೇ ಬರೆದೆ. ಸೈಟ್ ಶುರುವಾಯಿತು. ರಜೆ ಬಂದದ್ದೇ ಅಟ್ಟದವರೆಗೂ ತುಂಬಿತು. ಮಧ್ಯಾಹ್ನ ಮಾವಶಿಯ ಫೋನ್.

"ತಮ್ಮಾ, ಏನ್ ಮಾಡಿಟ್ಟೀಯೋ! ಗೋವಾದಿಂದ ಎರಡು ಗಾಡಿ ಮಂದಿ ಬರೇ ಊಟಕ್ಕ ಬಂದಾರ!"

"ಆ ಸಾಲು ತಗದ್ ಬಿಡ್ಲೇನ್ರಿ?"

"ತಗದೀ ಜೋಕೆ! ರೂಮಿಗಿಂತ ಊಟದ್ದ ರೊಕ್ಕಾನ ಹೆಚ್ಚಾಗೈತಿ. ವೈನಿ ಬಡಸಾಕ ಬಂದಾಳ, ನಿನ್ನ ಕೂಡ ಮಾತಾಡ್ತಾಳಂತ."

ವೈನಿ ಎಂದರೆ ಅವರ ಅಣ್ಣನ ಹೆಂಡತಿ. ಫೋನ್ ಕಸಿದುಕೊಂಡವರೇ, "ನಮಗೂ ಇಂಥಾದ್ದೊಂದು ಮಾಡಿಕೊಡಪಾ" ಎಂದರು. ಅಂಗಡಿ ಉಳಿಯಿತು! ಪೆನ್ನು ಹಿಡಿದು ಕೇಳಿದೆ: "ಎಷ್ಟು ರೂಮ್ ಅದಾವ್ರಿ?"

"ರೂಮ್ ಇನ್ನಾ ಕಟ್ಟಿಲ್ಲ. ಸದ್ಯಕ್ಕ ಎಲ್ಲಾ ತುಂಬ್ಯಾವ ಅಂತ ಹಾಕು."