ನಾಲ್ಕು ಬೀಗದ ಸೈಕಲ್

ಸೈಕಲ್ ಕೊಂಡದ್ದು ಹುಲುಗಪ್ಪನ ತಪ್ಪಲ್ಲ. ಕೊಂಡ ಮೇಲೆ ಅದನ್ನು ಮನೆಬಾಗಿಲಿಗೆ ನಿಲ್ಲಿಸಿ, ಓಣಿಯವರೆಲ್ಲ ನೋಡಲಿ ಎಂದು ಬೆಳಗಾಗುತ್ತಲೇ ಟಿಣಿಟಿಣಿ ಗಂಟೆ ಬಾರಿಸಿದ್ದು ತಪ್ಪು.

ಅದೇನು ಸಾಧಾರಣ ಸೈಕಲ್ಲೇ? ಯುದ್ಧ ಮುಗಿದ ಮೇಲೆ ಬಳ್ಳಾರಿಯ ದಂಡಿನವರು ತಮಗೆ ಬೇಡವಾದ ಸಾಮಾನನ್ನೆಲ್ಲ ಹರಾಜು ಹಾಕಿದಾಗ ಸಿಕ್ಕಿದ್ದು. ಅದನ್ನು ಒಬ್ಬ ಸಿಪಾಯಿಯೂ ಹತ್ತಿ ಓಡಿಸಿರಲಿಲ್ಲ. ಮೈಯೆಲ್ಲ ಹಸಿರು ಬಣ್ಣ, ಮೀಸೆ ತಿದ್ದಿಕೊಳ್ಳಬಹುದಾದಷ್ಟು ಹೊಳೆಯುವ ಹ್ಯಾಂಡಲ್, ಮುಂದುಗಡೆ ಸಾಮಾನು ಹೇರಲು ಮದುವಣಿಗ ಮದುವಣಗಿತ್ತಿ ಜೊತೆಯಾಗಿ ಕೂಡುವಷ್ಟು ದೊಡ್ಡ ಕಬ್ಬಿಣದ ಚೌಕಟ್ಟು. ಹುಲುಗಪ್ಪ ಅಂದು ರಾತ್ರಿ ನಿದ್ದೆಯನ್ನೇ ಮಾಡಿರಲಿಲ್ಲ. ಎದ್ದೆದ್ದು ಹೋಗಿ ಅದರ ಸೀಟು ಸವರಿ ಬರುತ್ತಿದ್ದ.

ಅವನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅಕ್ಕಿ ಹುರಿದು ಮಂಡಾಳು ಮಾಡಿ ಮಾರುವವನು. ಮಂಡಾಳಿಗೆ ತೂಕವೇ ಇಲ್ಲ, ಜಾಗ ಮಾತ್ರ ಆನೆಯಷ್ಟು ಬೇಕು. ಇಷ್ಟು ದಿನ ಚೀಲಗಳನ್ನು ಬಸ್ಸಿನ ನೆತ್ತಿಗೆ ಹಾಕಿ ಕುರುಗೋಡಿಗೆ ಒಯ್ಯುತ್ತಿದ್ದ. ಮೇಲೆ ಕುಳಿತವರು ಅದನ್ನೇ ದಿಂಬು ಮಾಡಿಕೊಂಡು ಒರಗುತ್ತಿದ್ದರು. ಕುರುಗೋಡಿನಲ್ಲಿ ಇಳಿಸಿ ನೋಡಿದರೆ ಚೀಲದ ತುಂಬ ಹಿಟ್ಟು. ಅಲ್ಲಿಯ ಹೋಟೆಲಿನ ಕೊಟ್ರಬಸಪ್ಪ ಕೊನೆಗೆ ಖಡಾಖಂಡಿತ ಹೇಳಿಬಿಟ್ಟಿದ್ದ: "ಸ್ವಂತ ಗಾಡಿ ಮಾಡ್ಕೊಂಡು, ಮಂಡಾಳು ಪುಡಿ ಆಗದಂಗ ತಗೊಂಡು ಬಾ. ವರ್ಷಪೂರ್ತಿ ನಿಂದ ತಗೋತೀನಿ. ಗಾಡಿ ಇಲ್ಲಾಂದ್ರ ಬ್ಯಾರೆಯವರಿಗೆ ಹೇಳ್ತೀನಿ ನೋಡಪ್ಪ."

ಹಾಗಾಗಿ ಅಂದು ಹುಲುಗಪ್ಪನ ಬದುಕೆಲ್ಲ ಆ ಎರಡು ಗಾಲಿಗಳ ಮೇಲೆ ನಿಂತಿತ್ತು. ಗಂಟೆ ಬಾರಿಸಿದ್ದು ಆ ಹಿಗ್ಗಿಗೇ.

ಗಂಟೆಯ ಸದ್ದಿಗೆ ಮೊದಲು ಬಂದವನು ಪಕ್ಕದ ಮನೆಯ ಅಯ್ಯಣ್ಣ. ಜೈಲಿನಲ್ಲಿ ವಾರ್ಡರ್ ಆಗಿದ್ದು ಪಿಂಚಣಿ ಪಡೆದವನು. ಅವನ ಕಣ್ಣಿಗೆ ಲೋಕದಲ್ಲಿ ಇದ್ದವರು ಎರಡೇ ಜಾತಿ, ಸಿಕ್ಕಿಬಿದ್ದ ಕಳ್ಳರು ಮತ್ತು ಇನ್ನೂ ಸಿಗದವರು.

"ಲೇ ಹುಲುಗಪ್ಪಾ, ಬೀಗ ಎಲ್ಲೈತಿ?"

"ಒಂದು ಕೊಟ್ಟಾರ ಮಾವ, ಇಲ್ಲಿ ಗಾಲಿಗೆ."

"ಇದಾ? ಇದನ್ನ ನಮ್ಮ ಜೈಲಿನ ಮಂದಿ ಬೆಂಕಿಕಡ್ಡಿಲೆ ತಗೀತಿದ್ರು!" ಎಂದು ಒಳಗೆ ಹೋದ ಅಯ್ಯಣ್ಣ ತೆಂಗಿನಕಾಯಿ ಗಾತ್ರದ ಎರಡು ಬೀಗ ತಂದ. ಎದುರು ಮನೆಯವರು ಎತ್ತು ಕಟ್ಟುವ ಸರಪಳಿ ಕೊಟ್ಟರು. ಸರಪಳಿ ಬಂದ ಮೇಲೆ ಅದಕ್ಕೊಂದು ಬೀಗ ಬೇಡವೇ? ಒಟ್ಟು ನಾಲ್ಕಾದವು. ಕೀಲಿಕೈಗಳನ್ನೆಲ್ಲ ಉಡಿದಾರಕ್ಕೆ ಕಟ್ಟಿಕೊಂಡ ಹುಲುಗಪ್ಪ ನಡೆದರೆ ಆ ಗಲಗಲ ಸದ್ದಿಗೆ ಮನೆಯ ಎಮ್ಮೆ ತನ್ನ ಜೊತೆಯದು ಬಂತೆಂದು ತಿರುಗಿ ನೋಡುತ್ತಿತ್ತು.

ಅಷ್ಟರಲ್ಲಿ ಮೂಲೆಮನೆಯ ಈರಮ್ಮ ಬಂದಳು. ಸೈಕಲ್ಲನ್ನು ಕಣ್ತುಂಬ ನೋಡಿದಳು. ಹಿಂದೆ ನೋಡಿದಳು, ಮುಂದೆ ನೋಡಿದಳು, ಬಗ್ಗಿ ಕೆಳಗೂ ನೋಡಿದಳು.

"ಯವ್ವಾ, ಎಷ್ಟು ಚೆಂದ ಐತಿ! ಇಂಥಾದ್ದಕ್ಕ ಕಣ್ಣು ಬೀಳದ ಇರತಾವೇನು? ಮಂದಿ ಕಣ್ಣು ಕೆಟ್ಟವು, ಹುಲುಗಪ್ಪಾ."

ಮಂದಿಯ ಕಣ್ಣು ತಡೆಯುವ ಕೆಲಸವನ್ನು ಈರಮ್ಮ ತಾನೇ ವಹಿಸಿಕೊಂಡಳು. ಹ್ಯಾಂಡಲ್ಲಿಗೆ ಇದ್ದಿಲು ಒರೆಸಿದಳು. ಚೌಕಟ್ಟಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ತನ್ನ ಗಂಡನ ಹರಿದ ಕೆರ ಒಂದನ್ನು ತಂದು ಹಿಂದಿನ ಗಾಲಿಯ ಮೇಲೆ ಜೋತುಬಿಟ್ಟಳು. ಇನ್ನೊಂದನ್ನು ಏನು ಮಾಡುವುದೆಂದು ಗೊತ್ತಾಗದೆ ಅದನ್ನೂ ಮುಂದೆ ಕಟ್ಟಿದಳು.

ಸೈಕಲ್ ಅಂಗಡಿಯ ಮಾರೆಣ್ಣ ಬಂದಾಗ ಕೆಲಸ ಇನ್ನೂ ಬಿರುಸಾಯಿತು. ಅವನು ಬಂದದ್ದು ಚೌಕಟ್ಟಿಗೆ ಬಿದಿರು ಕಟ್ಟಿ ಎತ್ತರ ಮಾಡಲು. ಅದನ್ನು ಚೊಕ್ಕವಾಗಿಯೇ ಮಾಡಿದ. ಮೂರು ಚೀಲ ನೆಟ್ಟಗೆ ನಿಲ್ಲುವಂತಾಯಿತು, ದಾರಿ ಕಾಣಲು ನಡುವೆ ಒಂದು ಸಂದೂ ಉಳಿಯಿತು. ಅಲ್ಲಿಗೆ ಸುಮ್ಮನಿದ್ದರೆ ಚೆನ್ನಾಗಿತ್ತು.

"ಬೀಗ ಹಾಕಿದ್ರೇನು, ಕೆರ ಕಟ್ಟಿದ್ರೇನು?" ಎಂದ ಮಾರೆಣ್ಣ. "ಹೊಳಪು ಐತೆಲ್ಲ, ಅದ ಕಳ್ಳನ್ನ ಕರಿಯಾದು. ಡಾಂಬರು ಬಳದುಬಿಡು. ಹಳೇ ಸೈಕಲ್ ಯಾವನು ಕದಿತಾನ?"

ಮೂವರೂ ಒಪ್ಪಿದ ಮಾತು ಅದೊಂದೇ. ಹಸಿರು ಬಣ್ಣ ಮಾಯವಾಯಿತು. ಹ್ಯಾಂಡಲ್ಲಿಗೆ ಚಿಂದಿ ಸುತ್ತಿದರು. ಸೀಟಿಗೆ ಹರಕು ಗೋಣಿ ಬಂತು. ಮಾರೆಣ್ಣ ಹೊಸ ಮಡ್‌ಗಾರ್ಡುಗಳನ್ನು ಬಿಚ್ಚಿ, ತನ್ನ ಅಂಗಡಿಯ ತುಕ್ಕು ಹಿಡಿದವನ್ನು ಹಾಕಿದ.

"ಹೊಸಾವು ನನ್ನ ಅಂಗಡ್ಯಾಗ ಜ್ವಾಪಾನ ಇರ್ತಾವ ಬಿಡು," ಎಂದು ಅಭಯ ಕೊಟ್ಟು ಅವನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದ.

ಹುಲುಗಪ್ಪನ ಹೆಂಡತಿ ಸಾವಂತ್ರಮ್ಮ ಚೀಲ ಹೊಲಿಯುತ್ತ ಇದನ್ನೆಲ್ಲ ನೋಡುತ್ತಿದ್ದಳು.

"ಹೊಸ ಸೈಕಲ್ ತಂದು ಹಳೇದು ಮಾಡಾಕ ಇಷ್ಟು ಮಂದಿ ಬೇಕಿತ್ತೇನ್ರಿ? ಸುಮ್ಕ ಬಿಟ್ಟಿದ್ರ ನಾಕು ವರ್ಷಕ್ಕ ತಾನ ಆಗ್ತಿತ್ತು."

"ನಿನಗೇನು ತಿಳೀತೈತಿ ಕಳ್ಳರ ವಿಷಯ!" ಎಂದು ಗದರಿಸಿ ಹುಲುಗಪ್ಪ ಬೀಗ ಬಿಚ್ಚಿ, ಚೀಲ ಹೇರಿ, ಕುರುಗೋಡಿಗೆ ಹೊರಡಲು ಸೈಕಲ್ ಏರಿದ.

ದಾರಿಯಲ್ಲಿ ಅವನ ಖುಷಿಗೆ ಪಾರವಿರಲಿಲ್ಲ. ಕಾಲ ಕೆಳಗೆ ಗಾಲಿ ಬೆಣ್ಣೆಯಂತೆ ತಿರುಗುತ್ತಿತ್ತು. ಮೇಲೆ ಎಷ್ಟು ಡಾಂಬರು ಬಿದ್ದಿದ್ದರೂ ಒಳಗೆ ಅದು ಹೊಸ ಸೈಕಲ್ಲೇ ಎಂಬ ಗುಟ್ಟು ತನಗೊಬ್ಬನಿಗೇ ಗೊತ್ತೆಂದು ಅವನಿಗೆ ಕಚಗುಳಿಯಾಗುತ್ತಿತ್ತು. ನಡುದಾರಿಯ ಊರು ಕೊಳಗಲ್ಲಿನಲ್ಲಿ ಕಟ್ಟೆಯ ಮೇಲೆ ಕುಳಿತವನೊಬ್ಬ ಕೂಗಿ ಕೇಳಿದ:

"ಯಾವ ಬಾವ್ಯಾಗ ಬಿದ್ದಿತ್ತಪಾ ಅದು?"

ಹುಲುಗಪ್ಪನಿಗೆ ಕೇಳಿ ಸ್ವರ್ಗಕ್ಕೆ ಮೂರೇ ಗೇಣು. "ನಮ್ಮಜ್ಜನ ಕಾಲದ್ದಣ್ಣೋ!" ಎಂದು ಕೂಗುತ್ತ ಇನ್ನೂ ಜೋರಾಗಿ ತುಳಿದ. ಮಾರೆಣ್ಣನ ಬುದ್ಧಿಯೇ ಬುದ್ಧಿ ಎಂದುಕೊಂಡ.

ಬಾದನಹಟ್ಟಿಯ ಬಯಲಲ್ಲಿ ಗಾಳಿ ಹಿಂದಿನಿಂದ ಬೀಸಿತು. ಮೂರು ಮಂಡಾಳು ಚೀಲ ಎದೆಯುಬ್ಬಿಸಿ ನಿಂತಿದ್ದರಿಂದ ಸೈಕಲ್ಲು ಹಾಯಿ ಬಿಚ್ಚಿದ ದೋಣಿಯ ಹಾಗೆ ತಾನೇ ಹೊರಟಿತು. ಬ್ರೇಕು ಹಿಡಿಯೋಣವೆಂದರೆ ಅದು ಚಿಂದಿಯ ಒಳಗೆಲ್ಲೋ ಇತ್ತು. ಸಂದಿಯಲ್ಲಿ ನೋಡುತ್ತಾನೆ, ಎದುರಿಗೆ ಹತ್ತಿಯ ಬಂಡಿ! "ಸರೀರಪ್ಪೋ! ನಿಲ್ಲಂಗಿಲ್ಲ ಇದು!" ಎಂದು ಅರಚುತ್ತ ಜೋಳದ ಹೊಲಕ್ಕೆ ನುಗ್ಗಿ, ಹೊಲವನ್ನು ಸೀಳಿಕೊಂಡು ಹೋಗಿ, ಆಚೆಬದಿಯಲ್ಲಿ ಮತ್ತೆ ದಾರಿಗೇ ಬಂದು ನಿಂತ. ಚೀಲ ಮುಟ್ಟಿ ನೋಡಿದ. ಒಂದು ಮಂಡಾಳೂ ಮುರಿದಿರಲಿಲ್ಲ. ಜೋಳದ ಒಡೆಯ ಬೈಯುವುದಕ್ಕೆ ಬಾಯಿ ತೆರೆಯುವ ಮೊದಲೇ ಹುಲುಗಪ್ಪ ಕುರುಗೋಡಿನ ದಾರಿಯಲ್ಲಿದ್ದ.

ಕೊಟ್ರಬಸಪ್ಪನ ಹೋಟೆಲ್ ಮುಂದೆ ಸಂತೆಯ ಗದ್ದಲ. ಮೂರು ಚೀಲ ಒಳಗಿಳಿಸಿದ ಮೇಲೆ ಸೈಕಲ್ಲನ್ನು ಎಲ್ಲಿ ಬಿಡುವುದೆಂಬ ಚಿಂತೆ ಹತ್ತಿತು. ಇಷ್ಟು ಜನರಲ್ಲಿ ಒಬ್ಬನಾದರೂ ಕಳ್ಳ ಇರಲೇಬೇಕೆಂದು ಅಯ್ಯಣ್ಣನ ಲೆಕ್ಕ ಹೇಳುತ್ತಿತ್ತು. ಹೋಟೆಲಿನ ಹಿಂದೆ ಹೋಗಿ ನೋಡಿದ. ಗೋಡೆಗೆ ಒತ್ತಿ ಮುರುಕು ಒಲೆ, ತೂತು ಬಿದ್ದ ಕಾವಲಿ, ಒಡೆದ ಬಾಯ್ಲರು ಒಟ್ಟಿದ್ದವು. ಹುಲುಗಪ್ಪನ ತಲೆಯಲ್ಲಿ ದೀಪ ಹೊತ್ತಿತು. ಸೈಕಲ್ಲನ್ನು ಆ ರಾಶಿಯೊಳಗೆ ತೂರಿಸಿ, ಸರಪಳಿಯಿಂದ ಬಾಯ್ಲರಿಗೆ ಬಿಗಿದು, ನಾಲ್ಕೂ ಬೀಗ ಹಾಕಿ, ದೂರ ನಿಂತು ನೋಡಿದ. ಯಾವುದು ಸೈಕಲ್ಲು, ಯಾವುದು ಒಲೆ, ಅವನಿಗೇ ಗುರುತಾಗಲಿಲ್ಲ. ಇಷ್ಟು ಭದ್ರವಾದ ಜಾಗ ಜೈಲಿನಲ್ಲೂ ಸಿಗದೆಂದು ಎದೆಯುಬ್ಬಿಸಿ ಒಳಗೆ ಹೋದ.

ಕೊಟ್ರಬಸಪ್ಪ ಚೀಲದಲ್ಲಿ ಮೊಳಕೈವರೆಗೆ ಕೈ ಹಾಕಿ ಮಂಡಾಳು ತೆಗೆದು ನೋಡಿದ. ಅಂಗೈಯ ಮೇಲೆ ಮಲ್ಲಿಗೆಯ ಹಾಗೆ ಇಡೀ ಇಡೀ ಕುಳಿತಿದ್ದವು.

"ಭೇಷ್! ಇದು ಮಂಡಾಳು ಅಂದ್ರ. ಕೂಡು ಹುಲುಗಪ್ಪಾ, ಕೂಡು. ಮಂಡಾಳು ಒಗ್ಗರಣಿ ತಿನ್ನು, ಚಾ ಕುಡಿ."

ಹುಲುಗಪ್ಪ ಕುಳಿತ. ಒಗ್ಗರಣಿ ಬಂತು, ಮಿರ್ಚಿ ಬಂತು, ಚಹಾ ಬಂತು. ಹಿತ್ತಿಲ ಕಡೆಯಿಂದ ಧಡಧಡ ಬಡಿಯುವ ಸದ್ದು ಬರತೊಡಗಿತು. ಅವನು ದನಿ ಏರಿಸಿ, ತನ್ನ ಸೈಕಲ್ಲು ಗಾಳಿಗಿಂತ ಮುಂದೆ ಓಡಿದ್ದನ್ನು ಬಣ್ಣಿಸಿದ. ಸದ್ದು ಜೋರಾದಷ್ಟೂ ಅವನ ವರ್ಣನೆಯೂ ಜೋರಾಯಿತು. ಸ್ವಲ್ಪ ಹೊತ್ತಿಗೆ ಸದ್ದು ನಿಂತು, ಕೊಟ್ರಬಸಪ್ಪನ ಹೆಂಡತಿ ಹಂಪಕ್ಕ ತಟ್ಟೆಯ ತುಂಬ ಖರ್ಜೂರ ತಂದಿಟ್ಟಳು. ಅವಳ ಮುಖದಲ್ಲಿ ಹಬ್ಬದ ಕಳೆ ಇತ್ತು.

"ತಿನ್ನಪಾ ಹುಲುಗಪ್ಪಣ್ಣ. ಇವತ್ತು ನಮ್ಮ ಮನ್ಯಾಗ ಖರ್ಜೂರಕ್ಕ ಬರ ಇಲ್ಲ."

ಹುಲುಗಪ್ಪ ಸಂಕೋಚದಿಂದ ಒಂದು ತಿಂದ. ಜೇನು! ಸಂಕೋಚ ಬಿಟ್ಟು ಹಿಡಿಯಷ್ಟು ತಿಂದ. ಬದುಕಿನಲ್ಲಿ ಇಂಥ ದಿನ ಬಂದಿರಲಿಲ್ಲ ಎನ್ನಿಸಿ ಅವನ ಕಣ್ಣು ತೇವವಾಯಿತು.

"ಹಂಗಾದ್ರ ಮಾತು ಪಕ್ಕಾ," ಎಂದ ಕೊಟ್ರಬಸಪ್ಪ ಎದ್ದುನಿಂತು. "ವರ್ಷಪೂರ್ತಿ ನಿಂದ ಮಂಡಾಳು. ಎಲ್ಲಿ, ಗಾಡಿ ಒಂದೀಟು ತೋರಿಸು."

ಇಬ್ಬರೂ ಹಿತ್ತಿಲಿಗೆ ಬಂದರು. ಗೋಡೆ ಇತ್ತು. ಗೋಡೆಯ ಬುಡದಲ್ಲಿ ಚೆನ್ನಾಗಿ ಗುಡಿಸಿದ ನೆಲ ಇತ್ತು. ಮತ್ತೇನೂ ಇರಲಿಲ್ಲ.

"ಕಳ್ಳ! ಯಪ್ಪೋ, ಕಳ್ಳ!" ಹುಲುಗಪ್ಪ ಎದೆ ಬಡಿದುಕೊಂಡ. "ಸೈಕಲ್ ಹೋತ್ರೋ! ಬಾಯ್ಲರ್ ಸಮೇತ ಹೋತು!"

ಬಾಯ್ಲರ್ ಎಂದ ಕೂಡಲೇ, ಕೂಗು ಕೇಳಿ ಹಿಂದೆಯೇ ಬಂದಿದ್ದ ಹಂಪಕ್ಕ ಕೈಯಲ್ಲಿನ ಪೊರಕೆ ಕೆಳಗಿಟ್ಟಳು.

"ಅದರ ಜೋಡಿ ಕರ್ರಗಿಂದು ಒಂದು ಇತ್ತಲ್ಲ, ಕೆರ ಕಟ್ಟಿದ್ದು... ಅದು ನಿಂದೇನಪ್ಪ?"

"ನಂದ ಅಕ್ಕಾ! ಎಲ್ಲೈತಿ?"

ಹಂಪಕ್ಕ ಗಂಡನ ಕಡೆ ತಿರುಗಿದಳು. "ನಾನು ನೀವ ತಂದು ಒಟ್ಟೀರಿ ಅಂದ್ಕೊಂಡ್ನಿ! ದಾರ್ಯಾಗ ಸಿಕ್ಕಿದ್ದೆಲ್ಲ ತಂದು ಅಲ್ಲೇ ಒಗೀತೀರಲ್ಲ. ಹಳೇ ಕಬ್ಬಿಣಕ್ಕ ಖರ್ಜೂರ ಕೊಡೋ ಸಿರುಗುಪ್ಪದ ಗುಜರಿಯವ ಲಾರಿ ತಂದಿದ್ದ, ಎಲ್ಲಾ ತಗೊಂಡು ಹೋಗು ಅಂದೆ. ಅಷ್ಟು ಬೀಗ ಬಿಚ್ಚಾಕ ಬರಲಿಲ್ಲಂತ ಸುತ್ತಿಗಿಲೆ ಬಡದು ತುಂಡು ಮಾಡಿ ಹಾಕ್ಕೊಂಡ ನೋಡ್ರಿ. ಬೀಗ, ಸರಪಳಿ ಇದ್ವಲ್ಲ, ತೂಕ ಚೊಲೊ ಬಂತು ಅಂದ. ಅದಕ್ಕ ಖರ್ಜೂರನೂ ಕೈ ಬಿಚ್ಚಿ ಕೊಟ್ಟ."

ಹುಲುಗಪ್ಪನ ದವಡೆಯಲ್ಲಿ ಇನ್ನೂ ಒಂದು ಖರ್ಜೂರ ಇತ್ತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಓಡಿ ದಾರಿಗೆ ಬಂದು ನೋಡಿದ. ಸಿರುಗುಪ್ಪದ ಕಡೆ ದೂರದಲ್ಲಿ ಧೂಳು ಮಾತ್ರ ಕಂಡಿತು.

ಮರಳಿ ಬಂದಾಗ ಕೊಟ್ರಬಸಪ್ಪ ತಲೆ ಕೆರೆಯುತ್ತ ನಿಂತಿದ್ದ. "ನನಗೂ ಬಾಳ ಕೆಟ್ಟ ಅನಸ್ತೈತಿ ಹುಲುಗಪ್ಪಾ. ಆದ್ರ ಸಂತಿಗೆ ಮಂಡಾಳು ಬೇಕಾಗತೈತಿ, ಬಸ್ಸಿನ ಪುಡಿ ನನಗ ಆಗಂಗಿಲ್ಲ. ಇನ್ನೊಂದು ಗಾಡಿ ಮಾಡ್ಕೊಂಡ ದಿನ ಬಾ. ಅಲ್ಲೀತನಕ ಬ್ಯಾರೆಯವರ ಕಡಿಂದ ತಗೋತೀನಿ."

ಹಂಪಕ್ಕನಿಗೆ ಅಳುವೇ ಬಂದಿತ್ತು. ಉಳಿದ ಖರ್ಜೂರವನ್ನೆಲ್ಲ ಒಂದು ಮಂಡಾಳು ಚೀಲಕ್ಕೆ ಸುರಿದು, ಎರಡೂ ಕೈಯಿಂದ ಅವನ ಮುಂದೆ ಇಟ್ಟಳು.

"ನ್ಯಾಯವಾಗಿ ಇದೆಲ್ಲ ನಿಂದನಪ್ಪ. ನಾವು ತಿನ್ನಬಾರದು."

ಸಂಜೆಯ ಬಸ್ಸಿಗೆ ಕಾಯುತ್ತ ಹುಲುಗಪ್ಪ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಲ್ಲಿನ ಮೇಲೆ ಕುಳಿತ. ಬಹಳ ಹೊತ್ತು ಅದರ ಕಡೆ ನೋಡಲೇ ಇಲ್ಲ. ಆಮೇಲೆ ಹಸಿವೆಯಾಯಿತು. ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡ. ಅದು ಮೊದಲಿನಷ್ಟೇ ಸಿಹಿಯಾಗಿತ್ತು, ಅದಕ್ಕೇ ಅವನಿಗೆ ತಡೆಯಲಾರದಷ್ಟು ಸಿಟ್ಟು ಬಂತು.